ಒಸಡು ರೋಗ ಮುಂದುವರಿದಾಗ ಸರ್ಜರಿ ಯಾವಾಗ ಬೇಕು? ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈ ಕನ್ನಡಿಗರಿಗೆ ಇಲ್ಲಿದೆ ಮಾಹಿತಿ

ಹಲ್ಲು ನೋವು ಬಂದರೆ ಅದೇ ದಿನ ಡಾಕ್ಟರ್ ಬಳಿ ಓಡುವವರು ಒಸಡಿನಲ್ಲಿ ರಕ್ತ ಬಂದರೆ ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಒಸಡು ರೋಗ ಹೆಚ್ಚಾಗಿ ನೋಯಿಸುವುದಿಲ್ಲ ಎಂಬುದೇ ಇದಕ್ಕೆ ಕಾರಣ. ಕೊನೆಗೆ ಹಲ್ಲು ಅಲ್ಲಾಡತೊಡಗಿದಾಗ ಕ್ಲಿನಿಕ್‌ಗೆ ಹೋದರೆ 'ಕೀಳಿಸಿಬಿಡಿ' ಎನ್ನುವವರೂ ಇದ್ದಾರೆ, 'ಸರ್ಜರಿ ಮಾಡಿಸಿ' ಎನ್ನುವವರೂ ಇದ್ದಾರೆ. ಯಾವುದು ಸರಿ ಎಂದು ತೀರ್ಮಾನಿಸುವ ಮೊದಲು ಈ ಸರ್ಜರಿ ಎಂದರೇನು, ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನ ವಯಸ್ಕರಲ್ಲಿ ಸುಮಾರು ಶೇ. 19ರಷ್ಟು ಮಂದಿಗೆ ತೀವ್ರ ಒಸಡು ರೋಗವಿದೆ. ಅಂದರೆ 100 ಕೋಟಿಗೂ ಹೆಚ್ಚು ಜನ.

ಒಸಡಿನ ಕೆಳಗೆ ಏನಾಗುತ್ತದೆ?

ಹಲ್ಲಿನ ಮೇಲೆ ದಿನವೂ ಅಂಟುವ ಪಾಚಿಯಂಥ ಪದರಕ್ಕೆ ಪ್ಲಾಕ್ ಎನ್ನುತ್ತಾರೆ. ಅದನ್ನು ಸರಿಯಾಗಿ ತೆಗೆಯದಿದ್ದರೆ ಗಟ್ಟಿಯಾಗಿ ಕಲ್ಲು ಕಟ್ಟುತ್ತದೆ. ಮೊದಲ ಹಂತದಲ್ಲಿ ಒಸಡು ಊದಿಕೊಂಡು ರಕ್ತ ಬರುತ್ತದೆ. ಇದು ಜಿಂಜಿವೈಟಿಸ್. ಈ ಹಂತದಲ್ಲಿ ಕ್ಲೀನ್ ಮಾಡಿಸಿ ಚೆನ್ನಾಗಿ ಬ್ರಷ್ ಮಾಡಿದರೆ ಒಸಡು ಮೊದಲಿನಂತಾಗುತ್ತದೆ.

ಮುಂದಿನ ಹಂತ ಪೆರಿಯೊಡಾಂಟೈಟಿಸ್. ಇಲ್ಲಿ ಹಲ್ಲನ್ನು ಹಿಡಿದಿಟ್ಟ ಎಲುಬು ಕರಗಲು ಶುರುವಾಗುತ್ತದೆ. ಹಲ್ಲು ಮತ್ತು ಒಸಡಿನ ನಡುವಿನ ಸಂದಿ ಆಳವಾಗಿ ಪಾಕೆಟ್ ಆಗುತ್ತದೆ. ಆರೋಗ್ಯವಂತ ಒಸಡಿನಲ್ಲಿ ಈ ಸಂದಿ 1ರಿಂದ 3 ಮಿ.ಮೀ. ಇರುತ್ತದೆ. ಅದು 6 ಮಿ.ಮೀ. ದಾಟಿದರೆ ಬ್ರಷ್ ಅಲ್ಲಿಗೆ ತಲುಪುವುದೇ ಇಲ್ಲ, ವೈದ್ಯರ ಉಪಕರಣ ತಲುಪುವುದೂ ಕಷ್ಟ. ಒಮ್ಮೆ ಕರಗಿದ ಎಲುಬು ತಾನಾಗಿಯೇ ಮತ್ತೆ ಬೆಳೆಯುವುದಿಲ್ಲ.

ಈ ಲಕ್ಷಣಗಳಿದ್ದರೆ ತಡ ಮಾಡಬೇಡಿ

* ಬ್ರಷ್ ಮಾಡುವಾಗ ಅಥವಾ ಹಣ್ಣು ಕಚ್ಚಿದಾಗ ರಕ್ತ ಬರುವುದು
* ಎಷ್ಟು ಉಜ್ಜಿದರೂ ಹೋಗದ ಬಾಯಿ ವಾಸನೆ
* ಒಸಡು ಕೆಳಗೆ ಸರಿದು ಹಲ್ಲು ಉದ್ದವಾಗಿ ಕಾಣುವುದು
* ಮುಂದಿನ ಹಲ್ಲುಗಳ ನಡುವೆ ಹೊಸದಾಗಿ ಸಂದಿ ಬಿಡುವುದು
* ಒಸಡನ್ನು ಒತ್ತಿದರೆ ಕೀವು ಬರುವುದು, ಹಲ್ಲು ಅಲ್ಲಾಡುವುದು

ಬೀಡಿ, ಸಿಗರೇಟ್ ಸೇದುವವರು ಒಂದು ವಿಷಯ ಗಮನಿಸಬೇಕು. ನಿಕೋಟಿನ್ ಒಸಡಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ ರೋಗ ಇದ್ದರೂ ರಕ್ತ ಕಾಣದೇ ಇರಬಹುದು. 'ನನಗೆ ರಕ್ತವೇ ಬರುವುದಿಲ್ಲ' ಎಂಬ ಧೈರ್ಯ ಇವರ ವಿಷಯದಲ್ಲಿ ಸುಳ್ಳಾಗುತ್ತದೆ.

ಮೊದಲ ಭೇಟಿಯಲ್ಲೇ ಸರ್ಜರಿ ಅಲ್ಲ

ಇದು ಎಲ್ಲರೂ ನೆನಪಿಡಬೇಕಾದ ಮಾತು. ಯುರೋಪಿನ ಒಸಡು ತಜ್ಞರ ಒಕ್ಕೂಟ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಚಿಕಿತ್ಸೆಯನ್ನು ಮೆಟ್ಟಿಲು ಮೆಟ್ಟಿಲಾಗಿ ವಿವರಿಸುತ್ತದೆ. ಮೊದಲು ಬ್ರಷಿಂಗ್ ಸರಿಪಡಿಸುವುದು, ತಂಬಾಕು ಬಿಡಿಸುವುದು, ಶುಗರ್ ಹತೋಟಿಗೆ ತರುವುದು. ಎರಡನೆಯದು ಒಸಡಿನ ಕೆಳಗಿನ ಕಲ್ಲನ್ನು ತೆಗೆಯುವ ಡೀಪ್ ಕ್ಲೀನಿಂಗ್, ಅಂದರೆ ಸ್ಕೇಲಿಂಗ್ ಮತ್ತು ರೂಟ್ ಪ್ಲೇನಿಂಗ್. ಒಸಡು ಮಾಯಲು ಕೆಲವು ವಾರ ಬಿಟ್ಟು ಪಾಕೆಟ್‌ಗಳನ್ನು ಮತ್ತೆ ಅಳೆಯುತ್ತಾರೆ. ಆಗಲೂ 6 ಮಿ.ಮೀ. ಅಥವಾ ಅದಕ್ಕಿಂತ ಆಳದ ಪಾಕೆಟ್ ಉಳಿದಿದ್ದರೆ ಮಾತ್ರ ಮೂರನೇ ಮೆಟ್ಟಿಲಾದ ಸರ್ಜರಿಯ ಮಾತು ಬರುತ್ತದೆ.

ಡೀಪ್ ಕ್ಲೀನಿಂಗ್‌ನಿಂದಲೇ ಎಷ್ಟೋ ಪಾಕೆಟ್‌ಗಳು ಕಡಿಮೆಯಾಗುತ್ತವೆ. ಆದ್ದರಿಂದ ಅಳತೆಯಿಲ್ಲದೆ, ಎಕ್ಸ್‌ರೇ ಇಲ್ಲದೆ, ಮೊದಲ ದಿನವೇ ಇಡೀ ಬಾಯಿಗೆ ಸರ್ಜರಿ ಎಂದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಲೇಸು.

'ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ' ಎಂಬ ನಂಬಿಕೆ ಹಲವರಲ್ಲಿದೆ. ಹಲ್ಲು ಸಡಿಲವಾಗುವುದು ಎಲುಬು ಕರಗಿದ್ದರಿಂದ. ಹಲ್ಲುಗಳನ್ನು ಒಟ್ಟಿಗೆ ಹಿಡಿದಿದ್ದ ಕಲ್ಲು ಹೋದಾಗ ಮೊದಲೇ ಇದ್ದ ಸಡಿಲತೆ ಗೊತ್ತಾಗುತ್ತದೆ, ಅಷ್ಟೇ.

ಸರ್ಜರಿಯಲ್ಲಿ ಏನೇನು ಮಾಡುತ್ತಾರೆ?

ಫ್ಲ್ಯಾಪ್ ಸರ್ಜರಿ: ಹೆಚ್ಚು ಬಳಕೆಯಲ್ಲಿರುವ ವಿಧಾನ ಇದು. ಆ ಭಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಒಸಡನ್ನು ಬಿಡಿಸಿ ಪಕ್ಕಕ್ಕೆ ಸರಿಸುತ್ತಾರೆ. ಬೇರಿನ ಮೇಲಿನ ಕಲ್ಲು ಮತ್ತು ಕೆಟ್ಟ ಅಂಗಾಂಶವನ್ನು ಕಣ್ಣಾರೆ ನೋಡಿ ತೆಗೆದು, ಒಸಡನ್ನು ಮತ್ತೆ ಕೂರಿಸಿ ಹೊಲಿಗೆ ಹಾಕುತ್ತಾರೆ. ಸಾಮಾನ್ಯವಾಗಿ ಬಾಯಿಯನ್ನು ನಾಲ್ಕು ಭಾಗ ಮಾಡಿ, ಬೇರೆ ಬೇರೆ ದಿನ ಸರ್ಜರಿ ಮಾಡುತ್ತಾರೆ.

ಬೋನ್ ಗ್ರಾಫ್ಟ್ ಮತ್ತು ಪೊರೆ: ಎಲುಬಿನಲ್ಲಿ ಬಾವಿಯಂತೆ ಆಳವಾದ ಕುಳಿ ಬಿದ್ದಿದ್ದರೆ ಅಲ್ಲಿ ಗ್ರಾಫ್ಟ್ ತುಂಬಿ, ಮೇಲೆ ತೆಳುವಾದ ಪೊರೆ ಹೊದಿಸುತ್ತಾರೆ. ಒಸಡು ಬೇಗ ಬೆಳೆದು ಜಾಗ ತುಂಬದಂತೆ ಪೊರೆ ತಡೆಯುತ್ತದೆ. ನಿಧಾನವಾಗಿ ಬೆಳೆಯುವ ಎಲುಬಿಗೆ ಅದರಿಂದ ಸಮಯ ಸಿಗುತ್ತದೆ. ಎಲುಬು ಎಲ್ಲ ಕಡೆ ಸಮನಾಗಿ ಸವೆದಿದ್ದರೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ. ಗ್ರಾಫ್ಟ್ ರೋಗಿಯದೇ ಎಲುಬಿನಿಂದ, ದಾನಿಯಿಂದ ಅಥವಾ ಪ್ರಾಣಿಯ ಎಲುಬಿನಿಂದ ಬಂದಿರಬಹುದು, ಕೃತಕವೂ ಆಗಿರಬಹುದು. ದನ ಅಥವಾ ಹಂದಿ ಮೂಲದ ವಸ್ತು ಬೇಡ ಎನ್ನುವವರು ಮೊದಲೇ ಹೇಳಬೇಕು. ಬದಲಿ ವಸ್ತುಗಳಿವೆ.

ಒಸಡಿನ ಕಸಿ: ಒಸಡು ತೀರಾ ಸರಿದು ಬೇರು ಹೊರಬಿದ್ದಿದ್ದರೆ ಅಂಗುಳಿನಿಂದ ಚಿಕ್ಕ ಪದರ ತೆಗೆದು ಅಲ್ಲಿ ಕೂರಿಸುತ್ತಾರೆ.

ಲೇಸರ್: 'ಹೊಲಿಗೆ ಇಲ್ಲ, ನೋವಿಲ್ಲ' ಎಂಬ ಜಾಹೀರಾತುಗಳನ್ನು ನೋಡಿರಬಹುದು. ಆದರೆ ಡೀಪ್ ಕ್ಲೀನಿಂಗ್ ಜೊತೆಗೆ ಲೇಸರ್ ಸೇರಿಸುವುದನ್ನು ಮೇಲೆ ಹೇಳಿದ ಯುರೋಪಿನ ಮಾರ್ಗಸೂಚಿ ಶಿಫಾರಸು ಮಾಡಿಲ್ಲ. ಹೆಚ್ಚುವರಿ ಹಣ ಕೊಡುವ ಮೊದಲು ತನ್ನ ಹಲ್ಲಿಗೆ ಅದರಿಂದ ಏನು ಲಾಭ ಎಂದು ರೋಗಿ ಕೇಳಬೇಕು.

ಶುಗರ್, ತಂಬಾಕು, ಮಾತ್ರೆ: ಮುಚ್ಚಿಡಬೇಡಿ

ಶುಗರ್ ಹತೋಟಿಯಲ್ಲಿಲ್ಲದಿದ್ದರೆ ಒಸಡು ರೋಗ ವೇಗವಾಗಿ ಹೆಚ್ಚುತ್ತದೆ, ಸರ್ಜರಿ ನಂತರ ಗಾಯ ಮಾಯುವುದೂ ನಿಧಾನ. ಒಸಡಿಗೆ ಚಿಕಿತ್ಸೆ ಕೊಟ್ಟರೆ ಶುಗರ್ ಕೂಡ ಸ್ವಲ್ಪ ಇಳಿಯುತ್ತದೆ. 2022ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಮೂರು-ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.43ರಷ್ಟು ತಗ್ಗಿದೆ.

ಮಹಾರಾಷ್ಟ್ರದಲ್ಲಿ 2012ರಿಂದ ಗುಟ್ಕಾ ನಿಷೇಧವಿದೆ. ಆದರೆ ತಂಬಾಕನ್ನು ಹುರಿದು ಪುಡಿ ಮಾಡಿದ ಮಿಶ್ರಿಯಿಂದ ಹಲ್ಲುಜ್ಜುವ ರೂಢಿ, ಅದರಲ್ಲೂ ಹೆಂಗಸರಲ್ಲಿ, ಇಂದಿಗೂ ಇದೆ. ಅದು ಹಲ್ಲುಪುಡಿಯಲ್ಲ, ತಂಬಾಕು. ಡಾಕ್ಟರ್ ಕೇಳಿದಾಗ ಅದನ್ನೂ ಹೇಳಬೇಕು.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ತಾವಾಗಿಯೇ ಅದನ್ನು ನಿಲ್ಲಿಸಬಾರದು. ಹೃದಯದ ವೈದ್ಯರು ಮತ್ತು ದಂತ ವೈದ್ಯರು ಮಾತನಾಡಿ ತೀರ್ಮಾನಿಸಲಿ. ಮೂಳೆ ಸವೆತಕ್ಕೆ ಇಂಜೆಕ್ಷನ್ ಪಡೆಯುವವರೂ ಮುಂಚೆಯೇ ತಿಳಿಸಬೇಕು. ಬಿಪಿಗೆ ಕೊಡುವ ಆಮ್ಲೋಡಿಪಿನ್, ಫಿಟ್ಸ್‌ಗೆ ಕೊಡುವ ಫೆನಿಟೋಯಿನ್ ಕೆಲವರಲ್ಲಿ ಒಸಡನ್ನು ಊದಿಸುತ್ತವೆ.

ಸರ್ಜರಿ ನಂತರ ಏನು ಮಾಡಬೇಕು?

ಮೊದಲ ದಿನ ಬಿಸಿ ಚಹಾ, ಖಾರ ಬೇಡ. ಆರಿದ ಗಂಜಿ, ಮೊಸರನ್ನ, ಮೆತ್ತಗಿನ ಇಡ್ಲಿ ಸಾಕು. ಕೆನ್ನೆಯ ಮೇಲೆ ಹೊರಗಿನಿಂದ ಐಸ್ ಇಡಬಹುದು. ಪೀಕ್ ಅವರ್ ಲೋಕಲ್‌ನಲ್ಲಿ ನುಗ್ಗಾಟದ ನಡುವೆ ಮನೆಗೆ ಮರಳುವಂತಾಗದ ಸಮಯ ಆರಿಸಿಕೊಳ್ಳಿ. ಡಾಕ್ಟರ್ ಹೇಳುವವರೆಗೆ ಆ ಭಾಗದಲ್ಲಿ ಬ್ರಷ್ ಮಾಡದೆ, ಅವರು ಬರೆದುಕೊಟ್ಟ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬಳಸಬೇಕು. ಇದರಿಂದ ಹಲ್ಲಿನ ಮೇಲೆ ಕಂದು ಕಲೆ ಕಂಡರೆ ಗಾಬರಿ ಬೇಡ, ಅದನ್ನು ತೆಗೆಯಬಹುದು. ಹೊಲಿಗೆಯನ್ನು ಸಾಮಾನ್ಯವಾಗಿ ಒಂದರಿಂದ ಎರಡು ವಾರದಲ್ಲಿ ಬಿಚ್ಚುತ್ತಾರೆ.

ಊತ ಇಳಿದ ಮೇಲೆ ಹಲ್ಲು ಉದ್ದವಾಗಿ ಕಾಣಬಹುದು, ತಣ್ಣೀರಿಗೆ ಜುಮ್ ಎನ್ನಬಹುದು. ಇದನ್ನು ಮೊದಲೇ ತಿಳಿದಿದ್ದರೆ ಸರ್ಜರಿ ಕೆಟ್ಟಿತು ಎಂಬ ಆತಂಕ ಇರುವುದಿಲ್ಲ. ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ ಅಥವಾ ಮೂರು ದಿನದ ನಂತರವೂ ಊತ ಹೆಚ್ಚುತ್ತಿದ್ದರೆ ತಕ್ಷಣ ಡಾಕ್ಟರ್‌ಗೆ ತಿಳಿಸಬೇಕು.

ಎಲ್ಲಿ ತೋರಿಸಬಹುದು?

ಒಸಡಿನ ತಜ್ಞರಿಗೆ ಪೆರಿಯೊಡಾಂಟಿಸ್ಟ್ ಎನ್ನುತ್ತಾರೆ. ಬಿಡಿಎಸ್ ನಂತರ ಇದೇ ವಿಷಯದಲ್ಲಿ ಎಂಡಿಎಸ್ ಮಾಡಿದವರು ಇವರು. ನಾಲ್ಕೂ ನಗರಗಳ ಖಾಸಗಿ ಕ್ಲಿನಿಕ್‌ಗಳಿಗೆ ಇಂಥ ತಜ್ಞರು ನಿಗದಿತ ದಿನ ಬಂದು ಹೋಗುವುದುಂಟು. ಸರ್ಜರಿ ಮಾಡುವವರು ಯಾರು ಎಂದು ಹೆಸರು ಕೇಳಿ ತಿಳಿಯಬಹುದು.

ದಂತ ಕಾಲೇಜುಗಳಲ್ಲಿ ಪೆರಿಯೊಡಾಂಟಿಕ್ಸ್‌ಗೆ ಪ್ರತ್ಯೇಕ ವಿಭಾಗವೇ ಇರುತ್ತದೆ. ಅಲ್ಲಿ ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿ ವೈದ್ಯರು ಚಿಕಿತ್ಸೆ ನೀಡುತ್ತಾರೆ. ಸಮಯ ಹೆಚ್ಚು ಹಿಡಿದರೂ ಖರ್ಚು ಸಾಮಾನ್ಯವಾಗಿ ಕಡಿಮೆ. ನವಿ ಮುಂಬೈ ಕಡೆ ನೆರೂಳ್‌ನಲ್ಲಿ ಡಿ.ವೈ. ಪಾಟೀಲ್ ಮತ್ತು ತೆರ್ನಾ, ಸಿಬಿಡಿ ಬೇಲಾಪುರದಲ್ಲಿ ಭಾರತಿ ವಿದ್ಯಾಪೀಠ, ಖಾರ್‌ಘರ್‌ನಲ್ಲಿ ವೈ.ಎಂ.ಟಿ., ಕಾಮೋಠೆಯಲ್ಲಿ ಎಂಜಿಎಂ ದಂತ ಕಾಲೇಜುಗಳಿವೆ. ಕಲ್ಯಾಣ, ಡೊಂಬಿವಲಿಯವರು ಥಾಣೆಯಲ್ಲಿ ಇಳಿದು ಪನ್ವೇಲ್ ಲೋಕಲ್ ಹಿಡಿದರೆ ಈ ಕಡೆ ಬರಬಹುದು. ಮುಂಬೈಯಲ್ಲಿ ಸಿಎಸ್‌ಎಂಟಿ ಬಳಿ ಸರ್ಕಾರಿ ದಂತ ಕಾಲೇಜು, ಮುಂಬೈ ಸೆಂಟ್ರಲ್‌ನಲ್ಲಿ ಮಹಾನಗರ ಪಾಲಿಕೆಯ ನಾಯರ್ ದಂತ ಕಾಲೇಜು ಇವೆ.

ಒಪ್ಪಿಗೆ ನೀಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

* ಯಾವ ಹಲ್ಲಿನಲ್ಲಿ ಪಾಕೆಟ್ ಎಷ್ಟು ಮಿ.ಮೀ. ಇದೆ? ಅದರ ಚಾರ್ಟ್ ಕೊಡುತ್ತೀರಾ?
* ಡೀಪ್ ಕ್ಲೀನಿಂಗ್ ನಂತರ ಮತ್ತೆ ಅಳೆದಿದ್ದೀರಾ?
* ಯಾವ ಹಲ್ಲು ಉಳಿಯುತ್ತದೆ, ಯಾವುದು ಉಳಿಯುವ ಭರವಸೆ ಇಲ್ಲ?
* ದರ ಒಂದು ಹಲ್ಲಿಗೋ, ಬಾಯಿಯ ಕಾಲು ಭಾಗಕ್ಕೋ? ಗ್ರಾಫ್ಟ್, ಪೊರೆ ಅದರಲ್ಲಿ ಸೇರಿದೆಯೇ?
* ನನ್ನ ಆರೋಗ್ಯ ವಿಮೆಯಲ್ಲಿ ಇದಕ್ಕೆ ಹಣ ಬರುತ್ತದೆಯೇ? (ಇದನ್ನು ವಿಮಾ ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಎಷ್ಟೋ ಪಾಲಿಸಿಗಳಲ್ಲಿ ಅಪಘಾತ ಬಿಟ್ಟರೆ ದಂತ ಚಿಕಿತ್ಸೆಗೆ ರಕ್ಷಣೆ ಇರುವುದಿಲ್ಲ.)

ಸರ್ಜರಿಯಿಂದ ರೋಗ ಶಾಶ್ವತವಾಗಿ ಹೋಗುವುದಿಲ್ಲ. ಸ್ವಚ್ಛ ಮಾಡಲಾಗದ ಜಾಗವನ್ನು ಸ್ವಚ್ಛ ಮಾಡಬಹುದಾದ ಜಾಗವಾಗಿ ಬದಲಿಸುವುದಷ್ಟೇ ಅದರ ಕೆಲಸ. ಆಮೇಲೆ ದಿನಕ್ಕೆ ಎರಡು ಬಾರಿ ಬ್ರಷ್, ಹಲ್ಲುಗಳ ನಡುವೆ ಸಣ್ಣ ಬ್ರಷ್ ಅಥವಾ ಫ್ಲಾಸ್, ವೈದ್ಯರು ಹೇಳಿದಂತೆ 3ರಿಂದ 6 ತಿಂಗಳಿಗೊಮ್ಮೆ ತಪಾಸಣೆ ಇರಲೇಬೇಕು. ಇದನ್ನು ಬಿಟ್ಟವರ ಪಾಕೆಟ್ ಮತ್ತೆ ಆಳವಾಗುತ್ತದೆ, ಖರ್ಚು ಮಾಡಿದ ಹಣವೂ ವ್ಯರ್ಥವಾಗುತ್ತದೆ.