ಫಾಲೋಅಪ್‌ಗೆ ಬಾರದವನಿಗೆ ಕೀಮೋ: ಮೊದಲ ಹಂತದ ಸೆಮಿನೋಮಾ ಕುರಿತ ಒಂದು ವಾದದ ಮರುಪರಿಶೀಲನೆ

ವೃಷಣದ ಕ್ಯಾನ್ಸರಿನ ಒಂದು ಬಗೆಯಾದ ಸೆಮಿನೋಮಾದ ಮೊದಲ ಹಂತದಲ್ಲಿ ವೃಷಣ ತೆಗೆದ ಮೇಲೆ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿಗೆ ಬೇರೆ ಚಿಕಿತ್ಸೆಯೇ ಬೇಕಾಗುವುದಿಲ್ಲ. ಉಳಿದವರಲ್ಲಿ ರೋಗ ಮರುಕಳಿಸಿದರೂ, 1970ರ ದಶಕದಲ್ಲಿ ಅಮೆರಿಕದ ವೈದ್ಯ ಐನ್‌ಹಾರ್ನ್ ರೂಢಿಗೆ ತಂದ ಸಿಸ್‌ಪ್ಲಾಟಿನ್ ಚಿಕಿತ್ಸೆಯಿಂದ ಬಹುತೇಕ ಎಲ್ಲರೂ ಗುಣವಾಗುತ್ತಾರೆ. ಇಷ್ಟರಲ್ಲಿ ತಕರಾರಿಲ್ಲ.

ತಕರಾರಿರುವುದು ‘ನಮ್ಮವರು ಫಾಲೋಅಪ್‌ಗೆ ಬರುವುದಿಲ್ಲ, ಒಂದು ಡೋಸ್ ಕಾರ್ಬೋಪ್ಲಾಟಿನ್ ಕೊಟ್ಟು ಕಳಿಸುವುದೇ ಲೇಸು’ ಎಂಬ ವಾದದಲ್ಲಿ. ಇದಕ್ಕೆ ಆಲಿವರ್ ಮತ್ತು ಸಂಗಡಿಗರ ಟಿಇ19 ಪ್ರಯೋಗವನ್ನು ಆಧಾರ ಮಾಡಿಕೊಳ್ಳುವುದು ಸರಿಯಲ್ಲ. 1477 ಮಂದಿಯ ಆ ಪ್ರಯೋಗ ಕಾರ್ಬೋಪ್ಲಾಟಿನ್ನನ್ನು ತೂಗಿದ್ದು ರೇಡಿಯೊಥೆರಪಿಯ ಎದುರು. ಬರೀ ನಿಗಾದ, ಅಂದರೆ ಔಷಧ ಕೊಡದೆ ಸ್ಕ್ಯಾನ್ ಮಾಡುತ್ತ ಕಾಯುವುದರ, ಎದುರಲ್ಲ. ಐದು ವರ್ಷದ ಹೊತ್ತಿಗೆ ಮರುಕಳಿಕೆಯಿಲ್ಲದೆ ಉಳಿದವರು ಕಾರ್ಬೋಪ್ಲಾಟಿನ್ ಗುಂಪಿನಲ್ಲಿ ಶೇ. 94.7, ರೇಡಿಯೊಥೆರಪಿ ಗುಂಪಿನಲ್ಲಿ ಶೇ. 96. ಅಂದರೆ ಔಷಧ ಪಡೆದವರಲ್ಲೂ ನೂರಕ್ಕೆ ಐವರಿಗೆ ರೋಗ ಮರಳಿತು. ಅದೂ ಹೆಚ್ಚಾಗಿ ಹೊಟ್ಟೆಯ ಹಿಂಭಾಗದ ದುಗ್ಧಗ್ರಂಥಿಗಳಲ್ಲಿ, ಸ್ಕ್ಯಾನ್ ಮಾಡದೆ ಗೊತ್ತಾಗದ ಜಾಗದಲ್ಲಿ. ಡ್ರಿಪ್ ಮುಗಿದರೂ ಆಸ್ಪತ್ರೆಯ ಋಣ ಮುಗಿಯುವುದಿಲ್ಲ.

ಲೆಕ್ಕವನ್ನೇ ನೋಡೋಣ. ಮೂತ್ರಪಿಂಡದ ಶೋಧನ ಪ್ರಮಾಣ 100 ಇದ್ದವನಿಗೆ ಕಾರ್ಬೋಪ್ಲಾಟಿನ್ ಡೋಸಿನ ಕ್ಯಾಲ್ವರ್ಟ್ ಸೂತ್ರದಂತೆ, ಆ ನೂರಕ್ಕೆ 25 ಕೂಡಿಸಿ, ಬಂದ 125ನ್ನು ಗುರಿ ಮಟ್ಟವಾದ (ಎಯುಸಿ) ಏಳರಿಂದ ಗುಣಿಸಿದರೆ 875 ಮಿಲಿಗ್ರಾಂ. ನೂರು ಮಂದಿಗೆ ಹೀಗೆ ಕೊಟ್ಟರೆ ಮರುಕಳಿಕೆ ತಪ್ಪುವುದು ಸುಮಾರು ಹತ್ತು ಹದಿನೈದು ಮಂದಿಗೆ. ಎಂಬತ್ತಕ್ಕೂ ಹೆಚ್ಚು ಜನ ಬೇಡದ ಔಷಧವನ್ನು ಮೈಗೆ ಹತ್ತಿಸಿಕೊಂಡಂತೆ.

ಬ್ರಿಟನ್ನಿನ ಟ್ರಿಸ್ಟ್ ಪ್ರಯೋಗ (2022) ನಿಗಾದ ಹೊರೆಯನ್ನೇ ಇಳಿಸಿದೆ: ಏಳು ಸ್ಕ್ಯಾನ್‌ಗಳ ಬದಲು 6, 18 ಮತ್ತು 36ನೇ ತಿಂಗಳಿಗೆ ಮೂರೇ, ಅದೂ ವಿಕಿರಣವಿಲ್ಲದ ಎಂಆರ್‌ಐ ಆದರೂ ಸಾಕು. ಹಾಗಾಗಿ ಬೆಂಗಳೂರಿನ ಜಯನಗರ, ಬಿಟಿಎಂ ಲೇಔಟ್‌ನಂಥ ಕಡೆ, ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಹತ್ತಿರದಲ್ಲೇ ಇರುವ ಸೆಮಿನೋಮಾ ರೋಗಿಗೆ ನಿಗಾವೇ ಮೊದಲ ಆಯ್ಕೆಯಾಗಬೇಕು ಎಂಬುದು ನನ್ನ ವಾದ.

ಇದನ್ನು ಮಿತಿಯಿಟ್ಟೇ ಹೇಳಬೇಕು. ಟ್ರಿಸ್ಟ್‌ನಲ್ಲೇ ಮುಂದುವರಿದ ಹಂತದ ಮರುಕಳಿಕೆ ಮೂರು ಸ್ಕ್ಯಾನ್‌ನವರಲ್ಲಿ ಒಂಬತ್ತು, ಏಳು ಸ್ಕ್ಯಾನ್‌ನವರಲ್ಲಿ ಒಂದು. ಒಂದು ಸ್ಕ್ಯಾನ್ ತಪ್ಪಿದರೂ ಬೆಲೆ ತೆರಬೇಕಾದೀತು. ರಾಯಚೂರಿನಿಂದ ರೈಲು ಹತ್ತಿ ಬರುವವನ ಮಾತೂ ಬೇರೆ. ಸೆಮಿನೋಮಾ ಅಲ್ಲದ ಗಡ್ಡೆಯು ರಕ್ತನಾಳ ಹೊಕ್ಕಿದ್ದರೆ ಮರುಕಳಿಕೆ ಅರ್ಧಕ್ಕರ್ಧ. ಅಲ್ಲಿ ಒಂದು ಸುತ್ತಿನ ಬಿಇಪಿ ಕೀಮೋದ (ಬ್ಲಿಯೋಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್) ಪಕ್ಷವೇ ಬಲವಾದದ್ದು.

ಇನ್ನು ಉಳಿಯುವುದು ‘ಬರುವುದಿಲ್ಲ’ ಎಂಬ ಮಾತಿನ ಪುರಾವೆ. ಬೆಂಗಳೂರಿನ ಕ್ಯಾನ್ಸರ್ ನೋಂದಣಿ 1982ರಿಂದ ಹೊಸ ರೋಗಿಗಳನ್ನು ಎಣಿಸುತ್ತ ಬಂದಿದೆ. ಆದರೆ ಆ ಎಣಿಕೆಯೊಂದೇ ಇದಕ್ಕೆ ಸಾಲದು. ಹದಿನೆಂಟನೇ ತಿಂಗಳ ಸ್ಕ್ಯಾನ್‌ಗೆ ಯಾರು ಬಂದರು, ಯಾರು ತಪ್ಪಿದರು, ಏಕೆ ತಪ್ಪಿದರು ಎಂಬುದನ್ನು ಬಡಾವಣೆವಾರು, ಜಿಲ್ಲಾವಾರು ಬಿಡಿಸಿ ನೋಡುವವರೆಗೆ ಈ ಚರ್ಚೆ ಅರೆಬರೆಯೇ.