ಕೆಲಸದಿಂದ ತರಗತಿಗೆ ಮರಳುವ ದಾರಿ

ನಮ್ಮ ಪದವಿ ಕಾಲೇಜುಗಳಲ್ಲಿ ಉದ್ಯೋಗದ ಮಾತು ಅಧಿಕೃತವಾಗಿ ಶುರುವಾಗುವುದು ಬಹುತೇಕ ಐದನೆಯ ಅಥವಾ ಆರನೆಯ ಸೆಮಿಸ್ಟರಿನಲ್ಲಿ. ಪ್ಲೇಸ್‌ಮೆಂಟ್ ಸೆಲ್ ಒಂದು ದಿನದ ಕಾರ್ಯಾಗಾರ ನಡೆಸುತ್ತದೆ. ರೆಸ್ಯೂಮೆ ಹೇಗಿರಬೇಕು, ಸಂದರ್ಶನದಲ್ಲಿ ಹೇಗೆ ಉತ್ತರಿಸಬೇಕು ಎಂದು ಹೊರಗಿನಿಂದ ಬಂದವರು ಹೇಳಿಹೋಗುತ್ತಾರೆ. ಆಮೇಲೆ ಜಿಲ್ಲಾ ಕೇಂದ್ರದಲ್ಲೊಂದು ಉದ್ಯೋಗ ಮೇಳ. ಅದೂ ಮುಗಿದ ಮೇಲೆ ಬಿ.ಎ. ಮುಗಿಸಿದ ಸಾವಿರಾರು ಮಕ್ಕಳು ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಕೂರುತ್ತಾರೆ. ಮೂರು ವರ್ಷ ಕಲಿತದ್ದಕ್ಕೂ ಮುಂದೆ ಮಾಡಬೇಕಾದ ಕೆಲಸಕ್ಕೂ ನಂಟು ಕಟ್ಟುವ ಹೊಣೆ ಕಾಲೇಜಿನದಾಗಿರಲೇ ಇಲ್ಲ ಎಂಬಂತೆ.

ಆದರೆ ವೃತ್ತಿಯ ಸಿದ್ಧತೆ ಮೊದಲ ವರ್ಷದಿಂದಲೇ ಓದಿನೊಳಗೆ ಬೆರೆತಿರಬೇಕು ಎಂಬ ಚಿಂತನೆಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಆ ಇತಿಹಾಸವನ್ನು ಓದುತ್ತ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ವಿದ್ಯಾರ್ಥಿಯನ್ನು ಕೆಲಸಕ್ಕೆ ಕಳಿಸುವುದು ಅಷ್ಟೇನೂ ಕಷ್ಟವಲ್ಲ. ಅವನು ಕಂಡು ಬಂದದ್ದನ್ನು ತರಗತಿ ಕೈಗೆತ್ತಿಕೊಂಡಿತೇ ಎಂಬುದೇ ಪ್ರತಿ ಪ್ರಯೋಗದ ಹಣೆಬರಹವನ್ನು ನಿರ್ಧರಿಸಿದೆ.

ಅಮೆರಿಕದ ಲೀಹೈ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಎಂಜಿನಿಯರ್ ಹರ್ಮನ್ ಶ್ನೈಡರ್, ಓದಿನ ನಡುವೆ ದುಡಿದ ಹುಡುಗರು ಕಲಿಕೆಯಲ್ಲೂ ಮುಂದಿರುವುದನ್ನು ಗಮನಿಸಿದ್ದರು. 1906ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ 27 ವಿದ್ಯಾರ್ಥಿಗಳೊಂದಿಗೆ ಅವರು ಹೊಸ ಕ್ರಮವೊಂದನ್ನು ಆರಂಭಿಸಿದರು. ಒಂದು ವಾರ ತರಗತಿ, ಮರುವಾರ ಕಾರ್ಖಾನೆ. ಒಬ್ಬ ಓದಲು ಬಂದಾಗ ಅವನ ಜೋಡಿ ಕೆಲಸಕ್ಕೆ ಹೋಗಬೇಕು. ಕೆಲಸಕ್ಕೆ ಕೂಲಿಯೂ ಇತ್ತು. ಈ ಕ್ರಮದ ಜೀವಾಳವಾಗಿದ್ದವರು ಸಂಯೋಜಕ ಅಧ್ಯಾಪಕರು. ಅವರು ಕಾರ್ಖಾನೆಗೆ ಹೋಗಿ ಹುಡುಗ ಯಾವ ಯಂತ್ರದ ಮುಂದೆ ನಿಂತಿದ್ದಾನೆ ಎಂದು ನೋಡಿಕೊಂಡು ಬರುತ್ತಿದ್ದರು. ಮುಂದಿನ ವಾರದ ತರಗತಿಯಲ್ಲಿ ಆ ಯಂತ್ರದ ಹಿಂದಿರುವ ವಿಜ್ಞಾನವನ್ನು ಎತ್ತಿಕೊಳ್ಳುತ್ತಿದ್ದರು. 1909ರಲ್ಲಿ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ಇದೇ ಹಾದಿ ಹಿಡಿಯಿತು. 1957ರಲ್ಲಿ ಕೆನಡಾದ ವಾಟರ್‌ಲೂ ಈ ಕ್ರಮವನ್ನೇ ಅಡಿಪಾಯವಾಗಿಟ್ಟುಕೊಂಡು ಹುಟ್ಟಿತು.

ಅದೇ ಕಾಲಕ್ಕೆ ಇನ್ನೊಂದು ಧಾರೆಯೂ ಹೊರಟಿತು. ಫ್ರಾಂಕ್ ಪಾರ್ಸನ್ಸ್ 1908ರಲ್ಲಿ ಬಾಸ್ಟನ್ನಿನಲ್ಲಿ ಯುವಕರಿಗಾಗಿ ವೃತ್ತಿ ಸಲಹಾ ಕೇಂದ್ರ ತೆರೆದರು. ಮೊದಲು ನಿನ್ನನ್ನು ನೀನು ಅರಿ, ಆಮೇಲೆ ಕೆಲಸಗಳ ಲೋಕವನ್ನು ಅರಿ, ಎರಡನ್ನೂ ವಿವೇಕದಿಂದ ಹೊಂದಿಸು ಎಂಬುದು ಅವರ ವಿಧಾನದ ಸಾರ. ಅದೇ ವರ್ಷ ಅವರು ತೀರಿಕೊಂಡರು, ಆದರೆ ಸಲಹಾ ಕೇಂದ್ರದ ಮಾದರಿ ಜಗತ್ತಿನ ತುಂಬ ಹರಡಿತು. ಹರಡಲು ಕಾರಣ ಸರಳವೆಂದು ನನಗನಿಸುತ್ತದೆ. ಸಲಹೆಗೆ ಒಂದು ಕೊಠಡಿ, ಒಬ್ಬ ಅಧಿಕಾರಿ ಸಾಕು. ಪಠ್ಯಕ್ರಮ, ವೇಳಾಪಟ್ಟಿ, ಅಧ್ಯಾಪಕರ ದಿನಚರಿ ಯಾವುದನ್ನೂ ಕದಲಿಸಬೇಕಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ಉದ್ಯೋಗ ಮಾಹಿತಿ ಕೇಂದ್ರಗಳೂ ಇಂದಿನ ಪ್ಲೇಸ್‌ಮೆಂಟ್ ಸೆಲ್‌ಗಳೂ ಪಾರ್ಸನ್ಸ್ ವಂಶದವು. ಶ್ನೈಡರ್ ವಂಶ ನಮ್ಮಲ್ಲಿ ಕವಲೊಡೆದದ್ದು ಕಡಿಮೆ.

ಹಾಗಂತ ಅದು ನಮ್ಮ ನೆಲಕ್ಕೆ ಬರಲೇ ಇಲ್ಲವೆಂದಲ್ಲ, ಮತ್ತು ಅದು ಬಂದ ಬಗೆ ಸ್ವಾರಸ್ಯಕರವಾಗಿದೆ. ಅಮೆರಿಕದ ಪ್ರವಾಹ ನಿಯಂತ್ರಣ ಎಂಜಿನಿಯರ್ ಆರ್ಥರ್ ಮಾರ್ಗನ್ ಒಹಾಯೋದ ಆಂಟಿಯಾಕ್ ಕಾಲೇಜಿನ ಅಧ್ಯಕ್ಷರಾದ ಮೇಲೆ, 1921ರಲ್ಲಿ ಓದು–ಕೆಲಸದ ಸರದಿಯನ್ನು ಸಾಹಿತ್ಯ, ಇತಿಹಾಸ, ಸಮಾಜಶಾಸ್ತ್ರ ಓದುವವರಿಗೂ ವಿಸ್ತರಿಸಿದರು. ಕೆಲಸ ಎಂಜಿನಿಯರುಗಳ ಪಾಲಿನದು ಮಾತ್ರ ಎಂಬ ಗೆರೆ ಅಲ್ಲಿ ಅಳಿಸಿತು. ಇದೇ ಮಾರ್ಗನ್ 1948ರಲ್ಲಿ ಡಾ. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದ ಸದಸ್ಯರಾಗಿ ಭಾರತಕ್ಕೆ ಬಂದರು. ಆಯೋಗದ ವರದಿಯಲ್ಲಿರುವ ಗ್ರಾಮೀಣ ವಿಶ್ವವಿದ್ಯಾಲಯದ ಕಲ್ಪನೆಯ ಹಿಂದೆ ಅವರ ಅನುಭವವಿತ್ತು, ಗಾಂಧೀಜಿಯ ನಯೀ ತಾಲೀಮ್‌ನ ಪ್ರೇರಣೆಯೂ ಇತ್ತು. 1956ರಲ್ಲಿ ತಮಿಳುನಾಡಿನ ಗಾಂಧಿಗ್ರಾಮದಂಥ ಗ್ರಾಮೀಣ ಉನ್ನತ ಶಿಕ್ಷಣ ಸಂಸ್ಥೆಗಳು ತಲೆಯೆತ್ತಿದವು. ಓದುವ ಹುಡುಗ ಸುತ್ತಲಿನ ಹಳ್ಳಿಗಳಲ್ಲಿ ದುಡಿಯಬೇಕು, ಆ ದುಡಿಮೆ ಪಾಠದ ಭಾಗವಾಗಬೇಕು ಎಂಬುದು ಅವುಗಳ ಆಶಯ. ಆ ಆಶಯ ದೇಶದ ಸಾಮಾನ್ಯ ಪದವಿ ಕಾಲೇಜುಗಳಿಗೆ ಹಬ್ಬಲಿಲ್ಲ. ನಮ್ಮ ಗದಗದಲ್ಲಿ 2016ರಲ್ಲಿ ಆರಂಭವಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲಿ ಅದರ ಎಳೆಯೊಂದನ್ನು ಗುರುತಿಸಬಹುದು.

ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರು ಕಸುಬಿನ ಶಿಕ್ಷಣಕ್ಕೆ ಕೊಟ್ಟ ಒತ್ತು ಎಲ್ಲರಿಗೂ ಗೊತ್ತಿರುವಂಥದ್ದು. ಅವರ ಆಸಕ್ತಿಯಿಂದ 1943ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜಯಚಾಮರಾಜೇಂದ್ರ ಸಂಸ್ಥೆ ಇಂದಿಗೂ ಎಸ್‌ಜೆಪಿ ಎಂದೇ ಹೆಸರುವಾಸಿ. ಆದರೆ ಆ ಕಾಲದಿಂದಲೇ ಒಂದು ಒಡಕೂ ಗಟ್ಟಿಯಾಯಿತು. ಕೈಕೆಲಸ ಪಾಲಿಟೆಕ್ನಿಕ್‌ಗೆ, ಪುಸ್ತಕ ಪದವಿ ಕಾಲೇಜಿಗೆ. ಕೊಠಾರಿ ಆಯೋಗ 1964–66ರಲ್ಲಿ ಕಾರ್ಯಾನುಭವ ಎಲ್ಲ ಶಿಕ್ಷಣದ ಅಂಗವಾಗಬೇಕೆಂದರೂ ಪದವಿ ತರಗತಿಗಳು ಅಲುಗಾಡಲಿಲ್ಲ. ಕಾನೂನಿನಲ್ಲೂ ಇದೇ ಒಡಕು ಕಾಣುತ್ತದೆ. ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ. ಎಂಜಿನಿಯರಿಂಗ್ ಪದವೀಧರರು, ಡಿಪ್ಲೊಮಾದವರು ಅದರ ವ್ಯಾಪ್ತಿಗೆ ಬಂದದ್ದು 1973ರ ತಿದ್ದುಪಡಿಯಿಂದ. ಬಿ.ಎ., ಬಿ.ಕಾಂ. ಓದಿದವರಿಗೆ ಬಾಗಿಲು ತೆರೆದದ್ದು 2014ರಲ್ಲಿ. ಮೂಲ ಕಾಯ್ದೆಯಾದ 53 ವರ್ಷಗಳ ನಂತರ! ದೇಶದ ಪದವಿ ವಿದ್ಯಾರ್ಥಿಗಳಲ್ಲಿ ದೊಡ್ಡ ಪಾಲು ಇವರದೇ ಎಂಬುದನ್ನು ನೆನೆದರೆ ಈ ವಿಳಂಬದ ನಷ್ಟ ಎಷ್ಟಿರಬಹುದೆಂದು ಊಹಿಸಬಹುದು.

ಭಾರತದಲ್ಲಿ ಶ್ನೈಡರ್ ಮಾದರಿಗೆ ತೀರ ಹತ್ತಿರವಾದ ಪ್ರಯೋಗ ನಡೆದದ್ದು ರಾಜಸ್ಥಾನದ ಪಿಲಾನಿಯಲ್ಲಿ. ಅಲ್ಲಿನ ಬಿಟ್ಸ್ ಸಂಸ್ಥೆ ಸಿ.ಆರ್. ಮಿತ್ರ ಅವರ ನಾಯಕತ್ವದಲ್ಲಿ 1973ರಲ್ಲಿ ‘ಪ್ರಾಕ್ಟೀಸ್ ಸ್ಕೂಲ್’ ಆರಂಭಿಸಿತು. ಎರಡನೆಯ ವರ್ಷ ಮುಗಿದ ಬೇಸಿಗೆಯಲ್ಲಿ ಸುಮಾರು ಎರಡು ತಿಂಗಳು, ಕೊನೆಯ ವರ್ಷದಲ್ಲಿ ಒಂದಿಡೀ ಸೆಮಿಸ್ಟರ್ ವಿದ್ಯಾರ್ಥಿಗಳು ಉದ್ಯಮದಲ್ಲಿರುತ್ತಾರೆ. ಇದಕ್ಕೂ ನಮ್ಮಲ್ಲಿ ಸಾಮಾನ್ಯವಾಗಿರುವ ಇಂಟರ್ನ್‌ಶಿಪ್‌ಗೂ ಇರುವ ಮುಖ್ಯ ವ್ಯತ್ಯಾಸ ಅವಧಿಯದಲ್ಲ. ಅಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳ ಜೊತೆ ಉದ್ಯಮದ ಅಂಗಳಕ್ಕೆ ಹೋಗುವ ಏರ್ಪಾಡಿತ್ತು. ಸಮಸ್ಯೆ ಕೊಡುವುದು ಉದ್ಯಮ, ಮೌಲ್ಯಮಾಪನ ಮಾಡುವುದು ಅಧ್ಯಾಪಕ, ಅಂಕ ಸೇರುವುದು ಪದವಿಯ ಲೆಕ್ಕಕ್ಕೆ. ಹೀಗಾಗಿ ಅಧ್ಯಾಪಕನ ಪಾಠವೂ ಬದಲಾಗುತ್ತಿತ್ತು. ಸಂಪನ್ಮೂಲವಿರುವ, ಆಯ್ದ ಮಕ್ಕಳಿಗೆ ಕಲಿಸುವ ಸಂಸ್ಥೆಗೆ ಅದು ಸಾಧ್ಯವಾಯಿತು ಎನ್ನುವುದು ನಿಜ. ಆದರೆ ಅಧ್ಯಾಪಕ ಕೆಲಸದ ಸ್ಥಳಕ್ಕೆ ಹೋಗಬೇಕೆಂಬ ತತ್ವ ಶ್ರೀಮಂತರ ಸ್ವತ್ತಲ್ಲ.

ತೊಂಬತ್ತರ ದಶಕದ ನಂತರ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಕಾಲೇಜುಗಳಿಗಾಗಿ ಕಾಯದೆ ತಾವೇ ಪಾಠಶಾಲೆಗಳಾದವು. ವಿಪ್ರೊ 1995ರಲ್ಲಿ ಬಿಟ್ಸ್ ಜೊತೆಗೂಡಿ ವಿಜ್ಞಾನ ಪದವೀಧರರಿಗೆ ದುಡಿಯುತ್ತಲೇ ಓದುವ ವ್ಯವಸ್ಥೆ ಮಾಡಿತು. ಇನ್ಫೋಸಿಸ್ ಮೈಸೂರಿನಲ್ಲಿ ಬೃಹತ್ ತರಬೇತಿ ಕೇಂದ್ರ ಕಟ್ಟಿತು. 2004ರಲ್ಲಿ ಕ್ಯಾಂಪಸ್ ಕನೆಕ್ಟ್ ಮೂಲಕ ಎಂಜಿನಿಯರಿಂಗ್ ಕಾಲೇಜುಗಳಿಗೆ ತನ್ನ ಪಠ್ಯ ಕಳಿಸಿತು. 2005ರ ನಾಸ್ಕಾಂ–ಮೆಕಿನ್ಸಿ ವರದಿ ಎಂಜಿನಿಯರುಗಳಲ್ಲಿ ಕಾಲು ಭಾಗದಷ್ಟು ಮಂದಿ ಮಾತ್ರ ಜಾಗತಿಕ ಕಂಪನಿಗಳ ಕೆಲಸಕ್ಕೆ ಯೋಗ್ಯರೆಂದು ಹೇಳಿದ ಮೇಲೆ ‘ಸಾಫ್ಟ್ ಸ್ಕಿಲ್’ ಎಂಬ ಪದ ಊರೂರ ಕಾಲೇಜಿಗೂ ತಲುಪಿತು. ಕಾಲೇಜು ಶಿಕ್ಷಣ ಇಲಾಖೆ ವಿಕಸನ, ಸಹಯೋಗ, ನೈಪುಣ್ಯನಿಧಿಯಂಥ ಕಾರ್ಯಕ್ರಮಗಳನ್ನು ತಂದಿತು. ಉದ್ದೇಶ ಒಳ್ಳೆಯದಿತ್ತು, ಶ್ರದ್ಧೆಯಿಂದ ನಡೆಸಿದ ಅಧ್ಯಾಪಕರೂ ಇದ್ದರು. ಆದರೆ ಇವೆಲ್ಲ ಪಾಠದ ಪಕ್ಕದಲ್ಲಿ ನಡೆದವು, ಪಾಠದೊಳಗಲ್ಲ. ಪಕ್ಕದಲ್ಲಿ ನಿಂತದ್ದನ್ನು ಅನುದಾನ ನಿಂತ ದಿನ ತೆಗೆದುಹಾಕುವುದು ಸುಲಭ.

ಕಾಲೇಜಿನ ಹೊರಗೆ ಇದಕ್ಕಿಂತ ಗಟ್ಟಿಯಾದ ಮಾದರಿಯೊಂದು ನಮ್ಮ ಉಜಿರೆಯಲ್ಲೇ ಬೆಳೆಯಿತು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಂದಿಗೆ 1982ರಲ್ಲಿ ಕಟ್ಟಿದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿ ಯುವಜನರಿಗೆ ಕೆಲವೇ ವಾರಗಳ ಸ್ವಉದ್ಯೋಗ ತರಬೇತಿ ಕೊಡುತ್ತದೆ. ತರಬೇತಿ ಮುಗಿದ ಮೇಲೂ ಬೆನ್ನ ಹಿಂದೆ ನಿಂತು, ಸಾಲ ಸಿಕ್ಕಿತೇ, ಅಂಗಡಿ ನಡೆಯುತ್ತಿದೆಯೇ ಎಂದು ವಿಚಾರಿಸುತ್ತದೆ. ಆ ಮಾದರಿಯನ್ನೇ ಕೇಂದ್ರ ಸರ್ಕಾರ ದೇಶದ ಜಿಲ್ಲೆಗಳಿಗೆ ಒಯ್ದಿತು. ಕಲಿಸಿದವರು ಕಲಿತವರ ಜೊತೆ ಸಂಪರ್ಕ ಕಡಿದುಕೊಳ್ಳದಿರುವುದು ಅದರ ಬಲ, ಮತ್ತು ಅದು ಪದವಿ ಕಾಲೇಜುಗಳಲ್ಲಿ ಇಲ್ಲದ ಅಭ್ಯಾಸ.

ಸಂಶೋಧನೆಯೂ ಇದೇ ದಿಕ್ಕಿಗೆ ಕೈತೋರಿಸುತ್ತದೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಗಿಡಿಯನ್ ಅರುಳ್ಮಣಿ ವೃತ್ತಿ ಆಯ್ಕೆಯ ಹಿಂದಿರುವ ನಂಬಿಕೆಗಳನ್ನು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ನಮ್ಮ ಸಮಾಜದಲ್ಲಿ ವೃತ್ತಿ ಒಬ್ಬನ ಸ್ವಂತ ಆಯ್ಕೆ ಮಾತ್ರವಲ್ಲ, ಮನೆ, ಜಾತಿ, ಆದಾಯ ಎಲ್ಲವೂ ಅದರೊಳಗೆ ಹೆಣೆದುಕೊಂಡಿರುತ್ತವೆ. ಹಾಗಾಗಿ ಪಶ್ಚಿಮದ ಪರೀಕ್ಷೆಗಳನ್ನು ಇದ್ದಂತೆ ತಂದಿಟ್ಟರೆ ಸಾಲದು ಎಂಬುದು ಅವರ ವಾದ. ಇನ್ನೊಂದು ಕಡೆ, ಅಮೆರಿಕದ 30,000ಕ್ಕೂ ಹೆಚ್ಚು ಪದವೀಧರರನ್ನು ಕೇಳಿ ಮಾಡಿದ 2014ರ ಗ್ಯಾಲಪ್–ಪರ್ಡ್ಯೂ ಸಮೀಕ್ಷೆ ಓದು ಮುಗಿದ ಮೇಲಿನ ಕೆಲಸದ ತೃಪ್ತಿಗೆ ನಂಟಿರುವ ಆರು ಅನುಭವಗಳನ್ನು ಗುರುತಿಸಿತು. ಅವುಗಳಲ್ಲಿ ಮೂರು ಅಧ್ಯಾಪಕರು ಮತ್ತು ಮಾರ್ಗದರ್ಶಕರಿಗೆ ಸಂಬಂಧಿಸಿದವು: ನನ್ನ ಬಗ್ಗೆ ಕಾಳಜಿ ವಹಿಸಿದವರು, ಕಲಿಯುವ ಹುಮ್ಮಸ್ಸು ತುಂಬಿದವರು, ಕನಸಿಗೆ ಬೆಂಬಲ ಕೊಟ್ಟವರು. ಕಲಿತದ್ದನ್ನು ಬಳಸಿದ ಇಂಟರ್ನ್‌ಶಿಪ್, ದೀರ್ಘಕಾಲದ ಯೋಜನೆ, ಪಠ್ಯೇತರ ಚಟುವಟಿಕೆ ಉಳಿದವು. ಆರೂ ದೊರೆತವರು ಶೇ. 3ರಷ್ಟು ಮಾತ್ರ.

ಈಗಿನ ಸ್ಥಿತಿಗೆ ಬರೋಣ. ಕರ್ನಾಟಕ 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ, ಕೌಶಲದ ಪತ್ರಿಕೆಗಳನ್ನು ತಂದು, 2024–25ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ನೀತಿಯ ಸರಿತಪ್ಪಿನ ಚರ್ಚೆ ಬೇರೆಯೇ. ಪಠ್ಯಕ್ರಮ ಇಷ್ಟು ಬೇಗ ಮಗುಚಿದರೆ, ಊರಿನ ಬ್ಯಾಂಕು, ಕಾರ್ಖಾನೆ, ಪಂಚಾಯಿತಿಯೊಂದಿಗೆ ನಂಟು ಕಟ್ಟಿಕೊಳ್ಳಲು ಅಧ್ಯಾಪಕನಿಗೆ ವ್ಯವಧಾನವೇ ಸಿಗುವುದಿಲ್ಲ ಎಂಬುದು ನನ್ನ ಆತಂಕ. ಇಂಟರ್ನ್‌ಶಿಪ್ ಕಡ್ಡಾಯವಾದ ಕಡೆಗಳಲ್ಲಿ ದುಡ್ಡು ಕೊಟ್ಟು ಪ್ರಮಾಣಪತ್ರ ಪಡೆಯುವ ಮಾರುಕಟ್ಟೆಯೂ ಬೆಳೆದಿದೆ. ಯಾರೂ ಹೋಗಿ ನೋಡದ ಕೆಲಸಕ್ಕೆ ಕಾಗದವೇ ಸಾಕ್ಷಿಯಾದರೆ ಆಗುವುದು ಇದೇ. ಇದರ ನಡುವೆ ಒಂದು ಭರವಸೆಯ ಹೆಜ್ಜೆಯೆಂದರೆ, ಇತ್ತೀಚೆಗೆ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಶುರುವಾಗಿರುವ ಅಪ್ರೆಂಟಿಸ್‌ಶಿಪ್ ಸೇರಿದ ಪದವಿ ಕೋರ್ಸುಗಳು. ಭತ್ಯೆ ಸಹಿತ ಕೆಲಸ ಪದವಿಯ ಭಾಗವೇ ಆಗುತ್ತದೆ.

ಇಷ್ಟೆಲ್ಲ ಚರ್ಚೆಯಲ್ಲಿ ನಾವು ಗಮನಿಸದೆ ಬಿಟ್ಟವರೊಬ್ಬರಿದ್ದಾರೆ: ಈಗಾಗಲೇ ದುಡಿಯುತ್ತಿರುವ ವಿದ್ಯಾರ್ಥಿ. ಬೆಳಿಗ್ಗೆ ಪೇಪರ್ ಹಾಕಿ ಬರುವವನು, ಸಂಜೆ ಮೆಡಿಕಲ್ ಶಾಪಿನಲ್ಲಿ ಬಿಲ್ ಮಾಡುವವಳು, ಮದುವೆ ಸೀಸನ್ನಿನಲ್ಲಿ ಕ್ಯಾಟರಿಂಗ್‌ಗೆ ಹೋಗುವವನು, ಕಟಾವಿನ ದಿನಗಳಲ್ಲಿ ಹೊಲದಲ್ಲಿರುವವಳು. ಸರ್ಕಾರಿ ಕಾಲೇಜಿನ ಯಾವ ತರಗತಿಯಲ್ಲಿ ಕೇಳಿದರೂ ಕೈಗಳು ಮೇಲೇಳುತ್ತವೆ. ಆದರೆ ಕಾಲೇಜಿಗೆ ಆ ದುಡಿಮೆ ಕಾಣಿಸುವುದು ಶೇ. 75ರ ಹಾಜರಾತಿಯ ಕೊರತೆಯಾಗಿ. ಶ್ನೈಡರ್ ಇಂಥವರನ್ನು ಕಂಡೇ ತಮ್ಮ ಕ್ರಮವನ್ನು ಕಟ್ಟಿದ್ದು. ಬಿ.ಕಾಂ. ಓದುವ ಆ ಹುಡುಗಿಗೆ ಮೆಡಿಕಲ್ ಶಾಪಿನ ದಾಸ್ತಾನು, ಜಿಎಸ್‌ಟಿ, ಉದ್ರಿ ಲೆಕ್ಕ ಗೊತ್ತು. ಲೆಕ್ಕಶಾಸ್ತ್ರದ ಮೇಷ್ಟ್ರು ಅದನ್ನೇ ಬೋರ್ಡಿನ ಮೇಲೆ ಬಿಡಿಸಿದರೆ, ಅವಳಿಗಷ್ಟೇ ಅಲ್ಲ, ಇಡೀ ತರಗತಿಗೆ ಆ ಅಂಗಡಿ ಪಾಠವಾಗುತ್ತದೆ. ಅವಳ ಆತ್ಮಗೌರವಕ್ಕೆ ಅದರಿಂದ ಸಿಗುವ ಬಲವನ್ನು ಯಾವ ವ್ಯಕ್ತಿತ್ವ ವಿಕಸನದ ಕಾರ್ಯಾಗಾರವೂ ಕೊಡಲಾರದು.

ಮಾನವಿಕ ವಿಷಯಗಳಲ್ಲಿ ಇದು ಆಗದ ಮಾತು ಎನ್ನುವವರಿದ್ದಾರೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಭಾಷಾ ತರಗತಿಯ ಮಕ್ಕಳು ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆದದ್ದು ಇದಕ್ಕೆ ಒಳ್ಳೆಯ ಉತ್ತರ. ಆಕರ ಹುಡುಕುವುದು, ಕನ್ನಡದಲ್ಲಿ ಟೈಪ್ ಮಾಡುವುದು, ಅಪರಿಚಿತರು ತಿದ್ದಿದ್ದನ್ನು ಒಪ್ಪಿಕೊಳ್ಳುವುದು, ಓದುಗನಿಗಾಗಿ ಬರೆಯುವುದು: ಪ್ರಕಾಶನ, ಪತ್ರಿಕೆ, ಅನುವಾದ, ಉಪಶೀರ್ಷಿಕೆಯ ಕೆಲಸಗಳಿಗೆ ಬೇಕಾದದ್ದು ಇದೇ. ಅರ್ಥಶಾಸ್ತ್ರದವರಿಗೆ ಗ್ರಾಮ ಪಂಚಾಯಿತಿಯ ಆಯವ್ಯಯವಿದೆ, ಎಪಿಎಂಸಿ ಇದೆ. ಇತಿಹಾಸದವರಿಗೆ ಊರಿನ ಶಾಸನ, ಕಡತ, ವಸ್ತುಸಂಗ್ರಹಾಲಯಗಳಿವೆ.

ಇದನ್ನೆಲ್ಲ ಮಾಡಬೇಕಾದವರು ಅಧ್ಯಾಪಕರು. ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾರ ಹೊತ್ತಿರುವವರು ಅತಿಥಿ ಉಪನ್ಯಾಸಕರು. ಅವರನ್ನು ನೇಮಿಸುವುದು ತರಗತಿಯ ಗಂಟೆಗಳ ಲೆಕ್ಕದಲ್ಲಿ. ಮುಂದಿನ ವರ್ಷ ಅದೇ ಕಾಲೇಜಿನಲ್ಲಿ ಇರುತ್ತಾರೆಂಬ ಖಾತ್ರಿಯಿಲ್ಲ. ವಿದ್ಯಾರ್ಥಿ ದುಡಿಯುವ ಜಾಗಕ್ಕೆ ಹೋಗಿ ನೋಡಿ ಬರುವುದು ಅವರ ಕಾರ್ಯಭಾರದಲ್ಲಿ ಸೇರುವುದಿಲ್ಲ, ಕಾಯಂ ಅಧ್ಯಾಪಕರ ವೇಳಾಪಟ್ಟಿಯಲ್ಲೂ ಅದಕ್ಕೆ ಜಾಗವಿಲ್ಲ. ಅಪ್ರೆಂಟಿಸ್‌ಶಿಪ್ ಪದವಿಗಳನ್ನು ಇನ್ನಷ್ಟು ಕಾಲೇಜುಗಳಿಗೆ ವಿಸ್ತರಿಸುವ ಮುನ್ನ ಇಲಾಖೆ ಮಾಡಬೇಕಾದ ಮೊದಲ ಕೆಲಸ ಇದು: ವಾರದಲ್ಲಿ ಕೆಲವು ಗಂಟೆಗಳನ್ನಾದರೂ ಕಾರ್ಯಕ್ಷೇತ್ರದ ಭೇಟಿಗೆಂದು ಕಾರ್ಯಭಾರದಲ್ಲೇ ಬರೆಯುವುದು, ಪ್ರಯಾಣದ ಖರ್ಚು ಕೊಡುವುದು, ಅತಿಥಿ ಉಪನ್ಯಾಸಕರಿಗೂ ಆ ಗಂಟೆಗಳ ಸಂಬಳ ಸಲ್ಲುವಂತೆ ಆದೇಶ ಹೊರಡಿಸುವುದು.