ಹಳಿ ಹೋದರೂ ಉಳಿದ ಹಾದಿ

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿಗೆ ಸಮೀಪದಲ್ಲಿರುವ ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ನನ್ನ ಶಿಷ್ಯರಲ್ಲಿ ಕೆಲವರು ನೆಲೆಸಿದ್ದಾರೆ. ಅಲ್ಲಿನ ಬಡಾವಣೆಗಳ ನಡುವೆ ಹಾದುಹೋಗುವ ನಡಿಗೆಯ ಹಾದಿಯೊಂದು ಹಿಂದೆ ರೈಲುಮಾರ್ಗವಾಗಿತ್ತೆಂಬುದನ್ನು ಅವರ ಮಕ್ಕಳು ಅರಿಯಬೇಕು.

ಮೋಟಾರು ವಾಹನಗಳು ಹೆಚ್ಚಿದಂತೆ ‘ವಾಷಿಂಗ್ಟನ್ ಅಂಡ್ ಓಲ್ಡ್ ಡೊಮಿನಿಯನ್’ ಎಂಬ ಆ ಮಾರ್ಗ ಸೊರಗಿತು. 1951ರಲ್ಲಿ ಪ್ರಯಾಣಿಕರ ಸಂಚಾರ ನಿಂತಿತು. 1968ರಲ್ಲಿ ಸರಕು ಸಾಗಣೆಯೂ ನಿಂತು ಹಳಿಗಳನ್ನು ಕಿತ್ತರು. ಸುಮಾರು 100 ಅಡಿ ಅಗಲದ ಆ ನೆಲದ ಬಹುಭಾಗವನ್ನು ವಿದ್ಯುತ್ ಕಂಪನಿಯೊಂದು ತನ್ನ ತಂತಿಗಳಿಗಾಗಿ ಕೊಂಡಿತು. ಅದೇ ಒಳಿತಾಯಿತು, ನೆಲವು ನಿವೇಶನಗಳಾಗಿ ಹರಿದು ಹಂಚಿಹೋಗಲಿಲ್ಲ.

1974ರಲ್ಲಿ ಫಾಲ್ಸ್ ಚರ್ಚ್ ಪಟ್ಟಣದಲ್ಲಿ ಹಾದಿಯ ಮೊದಲ ತುಣುಕು ತೆರೆಯಿತು. ಅನಂತರ ಪ್ರಾದೇಶಿಕ ಉದ್ಯಾನ ಪ್ರಾಧಿಕಾರವು ಕಂಪನಿಯಿಂದ ನೆಲವನ್ನು ಹಂತಹಂತವಾಗಿ ಕೊಂಡಿತು. 1988ರಲ್ಲಿ ಪರ್ಸೆಲ್‌ವಿಲ್‌ವರೆಗಿನ 45 ಮೈಲಿಗಳ ಹಾದಿ ಪೂರ್ಣಗೊಂಡಿತು. ಹರ್ನ್‌ಡನ್ನಿನ ಹಳೆಯ ನಿಲ್ದಾಣ ಇಂದು ವಸ್ತುಸಂಗ್ರಹಾಲಯವಾಗಿದೆ.

ಉದ್ಯಾನವನ್ನು ಎಲ್ಲಿ ಬೇಕಾದರೂ ನಿರ್ಮಿಸಬಹುದು. ಆದರೆ ಒಮ್ಮೆ ತುಂಡಾದ ಉದ್ದನೆಯ ದಾರಿಯನ್ನು ಮತ್ತೆ ಬೆಸೆಯುವುದು ಬಹು ಕಷ್ಟ. ಉಪಯೋಗ ಮುಗಿದ ನೆಲವನ್ನು ಅವಸರದಿಂದ ಹಂಚಿಬಿಡದಿರುವುದೂ ಒಂದು ನಿರ್ಮಾಣ ಕಾರ್ಯವೇ. ಅಲ್ಲಿರುವ ಶಿಷ್ಯರೇ, ಮಕ್ಕಳನ್ನು ಆ ನಿಲ್ದಾಣದವರೆಗೆ ಒಮ್ಮೆ ನಡೆಸಿಕೊಂಡು ಹೋಗಿ.